ಅಟ್ಟ ಹತ್ತಿದ ತುರಿಮಣೆ

ಮದುವೆಯಿರಲಿ, ಗೃಹಪ್ರವೇಶವಿರಲಿ, ನಮ್ಮ ಸಂಬಂಧಿಕರು ಊಟಕ್ಕೆ ಕೂತಲ್ಲಿ ಉಪ್ಪಿನಕಾಯಿಯ ಜೊತೆಗೆ ಒಂದು ಕಥೆಯನ್ನೂ ಬಡಿಸುತ್ತಾರೆ. ಅಪ್ಪನ ಕೊಲೆಸ್ಟರಾಲ್ ಇಳಿಸಲಿಕ್ಕೆ ಮನೆಯವರೆಲ್ಲ ಹೆಣಗುತ್ತಿದ್ದಾಗ ಅಮ್ಮ ಕದ್ದು ತೆಂಗಿನಕಾಯಿ ಅರೆದು ಹಾಕಿ ಎಲ್ಲ ಹಾಳು ಮಾಡಿದಳು ಎಂಬ ಕಥೆ. ಎಲ್ಲರೂ ನಗುತ್ತಾರೆ. ನಾನು ಓದುವ ಉಜಿರೆಯ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಷ್ಟು ಬಡಕಲು ವಾದ ಮಂಡಿಸಿದ್ದರೆ ಅರ್ಧದಲ್ಲೇ ಗಂಟೆ ಹೊಡೆಯುತ್ತಿದ್ದರು. ಊಟದ ಪಂಕ್ತಿಯಲ್ಲಿ ಗಂಟೆ ಇಲ್ಲ.

ಬೆಳ್ತಂಗಡಿಯ ಡಾಕ್ಟರು ಅಪ್ಪನಿಗೆ ಹೇಳಿದ್ದು ಎರಡೇ ಮಾತು: ಕೊಬ್ಬು ಕಮ್ಮಿ ಮಾಡಿ, ದಿನಾ ನಡೆಯಿರಿ. ನಡೆಯುವ ಮಾತು ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತುಹೋಯಿತು. ಕೊಬ್ಬನ್ನು ಮಾವ ವಹಿಸಿಕೊಂಡರು. ಅಮ್ಮನ ತಮ್ಮ, ಗಲ್ಫಿನಿಂದ ಮೂಡುಬಿದಿರೆಯ ಸ್ವಂತ ಮನೆಗೆ ರಜೆಯಲ್ಲಿ ಬಂದವರು. ವರ್ಷಕ್ಕೊಮ್ಮೆ ಬರುವವರಿಗೆ ಊರಿನವರ ತಪ್ಪೆಲ್ಲ ಚೆನ್ನಾಗಿ ಕಾಣುತ್ತದೆ.

ನಮ್ಮನ್ನು ಬಿ.ಸಿ.ರೋಡಿನ ಸೂಪರ್‌ಮಾರ್ಕೆಟಿಗೆ ಕರೆದೊಯ್ದು ಓಟ್ಸ್, ಕೆನೆ ತೆಗೆದ ಹಾಲು, ಬ್ರೌನ್ ರೈಸ್ ತುಂಬಿಸಿದರು. ಅಮ್ಮ ಅಕ್ಕಿಯ ಪ್ಯಾಕೆಟನ್ನು ತಿರುಗಿಸಿ ನೋಡಿದಳು.

"ಇದು ನಮ್ಮ ಕುಚ್ಚಲಕ್ಕಿಯ ಹಾಗೇ ಉಂಟಲ್ಲ?"

"ಅದು ಬೇರೆ ಅಕ್ಕ. ಇದು ಡಯಟಿನದ್ದು."

ಮೂಟೆಯಲ್ಲಿದ್ದರೆ ಅಕ್ಕಿ, ಪ್ಯಾಕೆಟಿನಲ್ಲಿದ್ದರೆ ಆರೋಗ್ಯ.

ಮನೆಗೆ ಬಂದವರೇ ಮಾವ ತೆಂಗಿನೆಣ್ಣೆಯನ್ನು ಬಚ್ಚಲಿಗೆ ಗಡೀಪಾರು ಮಾಡಿ, ಕಾಯಿ ತುರಿಯುವ ಮಣೆಯನ್ನು ಅಟ್ಟಕ್ಕೆ ಏರಿಸಿದರು. ಖಾಲಿಯಾದ ಜಾಗದಲ್ಲಿ ಗಲ್ಫಿನಿಂದ ತಂದ ಗೇರುಬೀಜದ ದೊಡ್ಡ ಡಬ್ಬಿ ಕೂತಿತು. "ಹಾರ್ಟಿಗೆ ಒಳ್ಳೆಯದು ಭಾವ." ನಮ್ಮ ಗುಡ್ಡೆಯ ಗೇರುಬೀಜವೇ ಕಡಲು ದಾಟಿ ಹೋಗಿ ಬುದ್ಧಿವಂತವಾಗಿ ಮರಳಿದ್ದಿರಬೇಕು.

ಅನ್ನಕ್ಕೆ ಕಲಸುವ ಸಾರು-ಹುಳಿಗೆ ನಮ್ಮ ಕಡೆ ಪದಾರ್ಥ ಎನ್ನುತ್ತಾರೆ; ಕಾಯಿ ಅರೆದು ಹಾಕದ್ದು ಪದಾರ್ಥವೇ ಅಲ್ಲ. ಮಾವ ವಿಮಾನ ಹತ್ತಿದ ನಾಲ್ಕನೇ ದಿನ ಅಪ್ಪ ಬಟ್ಟಲು ದೂಡಿದರು.

"ಇದು ಪದಾರ್ಥವಾ, ಬಾವಿ ನೀರಾ? ಏನಾದ್ರೂ ಅರೆದು ಹಾಕು ಮಾರಾಯ್ತಿ!"

ಅರೆಯಲಿಕ್ಕೆ ಉಳಿದದ್ದು ಒಂದೇ. ಅಮ್ಮ ಹಿಡಿ ತುಂಬ ಗೇರುಬೀಜ ನೆನೆಹಾಕಿ ಅರೆದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ ಅಪ್ಪ, "ಹಾಂ, ಹಾಗೆ" ಅಂದರು. ಎರಡೆರಡು ಸಲ ಬಡಿಸಿಕೊಂಡರು. ಆಮೇಲೆ ದಿನವೂ ಅದೇ. ಡಬ್ಬಿ ಮುಗಿದಂತೆ ಮಾವ ಇನ್ನೊಂದು ಕಳಿಸುತ್ತಿದ್ದರು.

ಮುಂದಿನ ರಜೆಗೆ ಮಾವ ಬಂದಾಗ ಅಪ್ಪನ ರಿಪೋರ್ಟು ಇಳಿದಿರಲಿಲ್ಲ, ಏರಿತ್ತು. ಊಟಕ್ಕೆ ಕೂತ ಮಾವ ಸೌಟಿನಿಂದ ಪದಾರ್ಥ ಎತ್ತಿ ಸುರಿದು ನೋಡಿದರು.

"ಕಾಯಿ ಹಾಕದೆ ಇಷ್ಟು ದಪ್ಪ ಹೇಗೆ ಬರ್ತದೆ? ಅಕ್ಕ, ನೀನು ಭಾವನನ್ನು ಕೊಲ್ತೀಯಾ?"

"ಕಾಯಿ ಮುಟ್ಟಲಿಲ್ಲ ನಾನು," ಅಂದಳು ಅಮ್ಮ. ಅಪ್ಪ ಅನ್ನ ಕಲಸುತ್ತಿದ್ದರು.

ನಾನು ಅಟ್ಟ ಹತ್ತಿ ತುರಿಮಣೆ ಇಳಿಸಿ, ಅದರ ಹಲ್ಲಿನ ಜೇಡರಬಲೆ ಸಮೇತ ಮಾವನ ಎದುರಿಟ್ಟೆ. ಪಕ್ಕದಲ್ಲಿ ಅವರದೇ ಡಬ್ಬಿ. ಅದರ ಹಿಂಬದಿಯಲ್ಲಿ ಅಚ್ಚಾಗಿದ್ದ ಕೊಬ್ಬಿನ ಅಂಶವನ್ನು ಜೋರಾಗಿ ಓದಿದೆ.

"ಓ, ಲಾಯರ್ ಬಂತು! ಗೇರುಬೀಜದಲ್ಲಿ ಎಂಥ ಕೊಬ್ಬು? ಅದು ಡ್ರೈ ಫ್ರೂಟ್ಸ್ ಮಾರಾಯ!"

ಎಲ್ಲರೂ ನಕ್ಕರು. ವಿಚಾರಣೆ ಮುಗಿಯಿತು.

ರಿಪೋರ್ಟು ಏರಿದ್ದು ಗೇರುಬೀಜದಿಂದಲೇ ಎಂದು ನಾನೂ ಹೇಳಲಾರೆ. ಅಪ್ಪ ಒಂದು ದಿನವೂ ನಡೆಯದ್ದರಿಂದ ಇರಬಹುದು. ಅಮ್ಮನ ಕಳ್ಳತನದಿಂದ ಅಲ್ಲ, ಅಷ್ಟು ಮಾತ್ರ ಗೊತ್ತು. ಆದರೆ ಅವಳು ಈಗಲೂ ಅಪ್ಪನಿಗೆ ಬಡಿಸುವ ಮೊದಲು, ಯಾರೂ ಕೇಳದಿದ್ದರೂ, "ಕಾಯಿ ಹಾಕಲಿಲ್ಲ" ಎನ್ನುತ್ತಾಳೆ. ತನ್ನದೇ ಅಡುಗೆಮನೆಯಲ್ಲಿ, ದಿನಕ್ಕೆ ಎರಡು ಸಲ.

ಮೊನ್ನೆ ಮಾಣಿ ಎಂಬ ಊರಿನ ಮದುವೆಯೊಂದರಲ್ಲಿ ಮತ್ತೆ ಅದೇ ಕಥೆ ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಪ್ಪ. ನಾನು ಪಕ್ಕದ ಎಲೆಯಲ್ಲಿದ್ದೆ. ಉಣ್ಣುವುದನ್ನು ನಿಲ್ಲಿಸಿ, ಸಾಲಿಗೆಲ್ಲ ಕೇಳುವ ಹಾಗೆ ಕೇಳಿದೆ:

"ಅಪ್ಪ, 'ಏನಾದ್ರೂ ಅರೆದು ಹಾಕು' ಅಂತ ಹೇಳಿದ್ದು ಯಾರು?"