ಮರಳಿಯ ಗೋಡೆಯ ಮೇಲೊಂದು ಸೀಕ್ರೆಟ್ ಕೀ

ಗೆಳೆಯರೇ, ಇವತ್ತು ಮರಳಿ ಎಂಬ ಊರಿನ ಅಕ್ಕಿ ಗಿರಣಿಗೆ ಹೋಗಿದ್ದೆ. ಅಲ್ಲಿಗೆ ಬರುವ ಭತ್ತದ ಸ್ಯಾಂಪಲ್ ಫೋಟೋಗಳನ್ನು ಕ್ಲೌಡಿಗೆ ಕಳಿಸುವ ಆ್ಯಪ್ ಮಾಡಿಕೊಟ್ಟವನು ನಾನೇ. ಆ್ಯಪನ್ನು ಕ್ಲೌಡಿಗೆ ಜೋಡಿಸಲು ಒಂದು ಸೀಕ್ರೆಟ್ ಕೀ ಬೇಕು, ಪಾಸ್‌ವರ್ಡಿನಂಥ, ಅಕ್ಷರ ಅಂಕಿಗಳ ಉದ್ದನೆಯ ಸಾಲು. "ಇದು ಒಂದೇ ಸಲ ಕಾಣಸ್ತೈತ್ರಿ, ಜ್ವಾಪಾನ ಬರದಿಡ್ರಿ" ಎಂದು ಮಾಲೀಕ ವೀರಭದ್ರಪ್ಪನವರಿಗೆ ಹೋದ ವಾರ ಹೇಳಿದ್ದೆ.

ಬರೆದಿಟ್ಟಿದ್ದರು. ಪೇಂಟರನ್ನು ಕರೆಸಿ, ಆಫೀಸಿನ ಗೋಡೆಯ ಮೇಲೆ, ಲೈನ್‌ಮನ್ ಮತ್ತು ಹಮಾಲರ ಫೋನ್ ನಂಬರುಗಳ ಕೆಳಗೆ, ಕೆಂಪು ಬಣ್ಣದಲ್ಲಿ.

"ಇದನ್ನ ಯಾರಿಗೂ ತೋರಸಬಾರದ್ರೀ!" ಎಂದೆ.

"ಜ್ವಾಪಾನ ಅಂದವರು ನೀವ ಅಲ್ರೀ ಸರ? ಚೀಟಿ ಕಳೀತಾವ. ಗೋಡಿ ಎಲ್ಲಿ ಹೋಗ್ತೈತ್ರಿ?"

ನಗು ತಡೆಯಲಾಗಲಿಲ್ಲ. ಗೋಡೆಯ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ. ಆಮೇಲೆ ಲ್ಯಾಪ್‌ಟಾಪ್ ತೆರೆದು ಆ ಕೀ ರದ್ದು ಮಾಡಲು ಕೂತೆ. ವೀರಭದ್ರಪ್ಪನವರು ತಮ್ಮ ಮೊಬೈಲಿನಲ್ಲಿ ನನ್ನ ಸ್ಟೇಟಸ್ ನೋಡುತ್ತಾ ಮೆಲ್ಲಗೆ ಅಂದರು:

"ಸರ, ನಮ್ಮ ಗೋಡಿ ಮ್ಯಾಲಿಂದು ಗಿರಣಿಗೆ ಬಂದೋರಷ್ಟ ಓದ್ತಿದ್ರು. ಈಗ ದೂರದ ಕುಷ್ಟಗ್ಯಾಗೂ ಓದಾಕತ್ತಿರಬೇಕಲ್ರೀ?"

ಸ್ಟೇಟಸ್ ಅಳಿಸಿ, ಕೀ ಬದಲಿಸಿದ್ದೇನೆ. ಹೊಸದನ್ನು ಎಲ್ಲಿಟ್ಟಿದ್ದೀ ಎಂದು ಮಾತ್ರ ಕೇಳಬೇಡಿ. ಹೇಳಿಬಿಟ್ಟೇನು.