ಹಸಿರು ಚಾ, ಹಿಡಿಸೂಡಿಯ ಗೆರೆ

ಚಾ ಎಂದರೆ ನನಗೆ ಹಾಲು, ಸಕ್ಕರೆ, ಸೊರ್ರೆನ್ನುವ ಸದ್ದು. ಇವಿಲ್ಲದ್ದನ್ನೂ ಚಾ ಎನ್ನಬಹುದೆಂದು ಒಪ್ಪಲು ಈ ವಯಸ್ಸಿನವರೆಗೆ ಕಾಯಬೇಕಾಯಿತು. ಒಪ್ಪಿಸಿದವಳು ನನ್ನ ಮೊಮ್ಮಗಳು ನಿಶಾ, ಎಂಟು ವರ್ಷದ ಚಿನ್ನ.

ಬಹರೈನಿನ ಬುದಯ್ಯದಲ್ಲಿರುವ ಮಗಳ ಮನೆಗೆ ವಿಸಿಟ್ ವೀಸಾದಲ್ಲಿ ಬಂದವಳು ನಾನು. ನಿಶಾಳನ್ನು ಅಲ್ಲಿಯವರೆಗೆ ಕಂಡದ್ದು ಸ್ಕೈಪಿನಲ್ಲಿ ಮಾತ್ರ. ನಾನೇ ಎದುರು ಬಂದು ನಿಂತರೆ ಮಗು ಹತ್ತಿರವೇ ಸುಳಿಯಲಿಲ್ಲ. ಅವಳದು ಇಂಗ್ಲಿಷು ಬೆರೆತ ಮಾತು, ನನ್ನದು ನಾಲ್ಕನೇ ಕ್ಲಾಸಿನ ಕನ್ನಡ. ಅಪ್ಪಿಕೊಳ್ಳಲೆಂದು ಸಮುದ್ರ ದಾಟಿ ಬಂದ ಕೈ ಖಾಲಿಯೇ ಉಳಿಯಿತು.

ಖಾಲಿ ಕೈ ಸುಮ್ಮನಿರುತ್ತದೆಯೆ? ಊರಿಂದ ತಂದ ತೆಂಗಿನಕಡ್ಡಿಯ ಹಿಡಿಸೂಡಿ ಹಿಡಿದು ಅಂಗಳದ ಮರಳು ಗುಡಿಸಿದೆ. ಹಿಂದಕ್ಕೆ ಹೆಜ್ಜೆಯಿಡುತ್ತ ಗುಡಿಸಿದರೆ ಬಾಚಿದ ತಲೆಯ ಹಾಗೆ ಗೆರೆ ಮೂಡುತ್ತದೆ. ನಮ್ಮ ಕಡೆಯ ಹೆಂಗಸರಿಗೆ ಅದೊಂದು ಜಂಬ.

ನಿಶಾ ಬಾಗಿಲಲ್ಲೇ ನಿಂತಳು. "ಮಮ್ಮಿ, ಅಜ್ಜಿ ಜಪಾನ್ ಗಾರ್ಡನ್ ಮಾಡಿದ್ದಾರೆ."

ಶಾಲೆಯಲ್ಲಿ ಜಪಾನಿನ ಪಾಠವಂತೆ. ಓಡಿಹೋಗಿ ಪುಸ್ತಕ ತಂದು ನನ್ನ ಮಡಿಲಲ್ಲಿಟ್ಟಳು. ಚಿತ್ರದಲ್ಲಿ ಗೆರೆ ಎಳೆದ ಬಿಳಿ ಮರಳು, ನಡುವೆ ಒಂದೆರಡು ಕಲ್ಲು.

"ಇದೆಂಥ ತೋಟ? ಒಂದು ಹರಿವೆ ಸೊಪ್ಪೂ ಇಲ್ಲ."

"ಅದು ಮರಳಲ್ಲ ಅಜ್ಜಿ, ಸಮುದ್ರ. ಕಲ್ಲು ಐಲ್ಯಾಂಡ್. ಇದು ನಾನು, ಅದು ನೀವು."

ಎರಡು ಕಲ್ಲಿನ ನಡುವೆ ಎಷ್ಟೊಂದು ಗೆರೆ. ಎದ್ದು ಹೋಗಿ ನಮ್ಮ ಅಂಗಳದ ಮರಳಲ್ಲೂ ಎರಡು ಕಲ್ಲು ಇಟ್ಟೆ.

ಸಂಜೆ ಜಪಾನಿನವರ ಹಾಗೆ ಚಾಪೆ ಹಾಸಿ ನನ್ನನ್ನು ಅತಿಥಿಯಾಗಿ ಕೂರಿಸಿದಳು. ಹಿಡಿಯಿಲ್ಲದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು, ತಲೆಬಾಗಿ ಕೊಟ್ಟಳು. ಸ್ವಂತ ಮದುವೆಯಲ್ಲೂ ನನಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಒಳಗೆ ಪಾಚಿಯಂಥ ಹಸಿರು ಚಾ.

"ಹೇಗುಂಟು?"

"ಕಷಾಯ ಮಾರಾಯ್ತಿ."

"ಮೆಲ್ಲ ಕುಡೀರಿ. ಇವತ್ತಿನ ಚಾ ಪುನಃ ಬರುದಿಲ್ಲ, ಮಿಸ್ ಹೇಳಿದ್ದು. ಲಾಸ್ಟ್ ಗುಟುಕು ಮಾತ್ರ ಸೌಂಡ್ ಮಾಡ್ಬೇಕು. ಅದು ಮರ್ಯಾದೆ."

ಆ ವಿದ್ಯೆ ನನಗೆ ಯಾರೂ ಕಲಿಸಬೇಕಾಗಿಲ್ಲ. ಸೊರ್ರೆಂದೆ. ನಿಶಾ ನಕ್ಕು ನಕ್ಕು ನನ್ನ ಮಡಿಲಿಗೆ ಬಿದ್ದಳು. ಆ ಕಹಿ ಆಮೇಲೆ ದಿನವೂ ಬೇಕಾಯಿತು.

ನಾಳೆ ವೀಸಾ ಮುಗಿಯುತ್ತದೆ. ಇವತ್ತು ಅಂಗಳ ಗುಡಿಸಿದವಳು ನಿಶಾ. ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಬಂದಳು; ಗೆರೆಯ ಮೇಲೆಲ್ಲ ಅವಳದೇ ಪುಟ್ಟ ಪಾದ. "ಹಾಳಾಯ್ತು ಅಜ್ಜಿ," ಎಂದು ಮುಖ ಸಣ್ಣದು ಮಾಡಿದಳು. ಎರಡು ಕಲ್ಲಿನ ನಡುವೆ ದಾರಿ ಬಿದ್ದಿತ್ತು. ಅದನ್ನು ನಾನು ಅಳಿಸುವುದುಂಟೆ?

ಸೂಡಿಯನ್ನು ಅವಳಿಗೇ ಬಿಟ್ಟು ಹೋಗುತ್ತೇನೆ. ಪೆಟ್ಟಿಗೆಯಲ್ಲಿ ಅದರ ಜಾಗಕ್ಕೆ ಹಸಿರು ಚಾದ ಡಬ್ಬಿ ಕೂತಿದೆ. ಊರಲ್ಲಿ ಮೆಲ್ಲನೆ ಕುಡಿದು, ಕೊನೆಯ ಗುಟುಕಿಗೆ ಸೊರ್ರೆಂದು, ನಿಶಾಳ ನಗು ಕೇಳೀತೇ ಎಂದು ಸ್ವಲ್ಪ ಹೊತ್ತು ಕಿವಿಗೊಟ್ಟು ಕೂರುವುದೆಂದು ಮಾಡಿದ್ದೇನೆ.