ಹನ್ನೊಂದರ ಪಾಳಿಯ ಹೆಸರುಗಳು

ಬೀದರಿನ ಭಾಲಚಂದ್ರನ ಜಿಮ್ಮಿನಾಗ ಹನ್ನೊಂದು ಕನ್ನಡಿ ಅವ. ಅವನ್ನ ಒರಸೂದು ನನ್ನ ಕೆಲಸ. ಗಂಡಸರು ಮುಂದ ನಿಂತು ತೋಳು ಉಬ್ಬಿಸ್ತಾರ, ಬೆವರಿನ ಕೈಲೆ ಮುಟ್ತಾರ. ಒಬ್ಬ ತನ್ನ ಮಾರಿಗೆ ತಾನೇ ಮುತ್ತು ಕೊಟ್ಟ ಗುರುತು ಮೂರನೇ ಕನ್ನಡಿ ಮ್ಯಾಲ ದಿನಾ ಇರ್ತದ. ಅದನ್ನ ಒರಸುವಾಗ ಆಗೋ ಹೇಸಿಗಿಗಿಂತ ದೊಡ್ಡ ಹೇಸಿಗಿ ಇಲ್ಲ ಅಂತ ತಿಳಿದಿದ್ದೆ. ಆಮ್ರಪಾಲಿ ಅಲ್ಲಿಗೆ ಆ್ಯಪ್ ಮಾಡಿಕೊಟ್ಟ ಮ್ಯಾಲ ಅದಕ್ಕಿಂತ ದೊಡ್ಡದೂ ಇರ್ತದ ಅಂತ ಗೊತ್ತಾತು.

ಆಮ್ರಪಾಲಿ ನನ್ನ ತಂಗಿಯ ಮೊಮ್ಮಗಳು. ಊರು ಔರಾದ ಕಡೆ ಸಂತಪುರ. ನನ್ನ ಮನಿಯಾಗ ಇದ್ದು, ಬಸ್ಸಿನಾಗ ಭಾಲ್ಕಿಗೆ ಹೋಗಿ ಕಂಪ್ಯೂಟರ್ ಓದ್ತಾಳ, ಕಡೀ ವರ್ಷ. ಮಾತು ಕಡಿಮಿ. ಮಡಚಿದ ಅಂಗಿ ತೋಳು ಎರಡೂ ಕಡೆ ಸಮ ಇಲ್ಲಂದ್ರ ಬಿಚ್ಚಿ ಮತ್ತ ಮಡಚ್ತಾಳ. ಅವರ ಕಾಲೇಜಿನಾಗ ಎಲ್ಲಾರೂ ಒಂದೊಂದು ಆ್ಯಪ್ ಮಾಡಬೇಕು, ಅದು ಖರೇನೇ ಎಲ್ಲ್ಯರೆ ನಡೀಬೇಕು, ಅಲ್ಲಿನ ಮಾಲಕ ಸಿಕ್ಕಾ ಹೊಡೆದು ಪತ್ರ ಕೊಡಬೇಕು. ಪತ್ರ ಇಲ್ಲಂದ್ರ ಪಾಸಿಲ್ಲ. ನಾನೇ ಭಾಲಚಂದ್ರನಿಗೆ ಕೇಳಿದೆ.

"ಮಾಡ್ಲಿ ಬಾಯಿ, ಪತ್ರಕ್ಕೇನು" ಅಂದ. ಒಂದೇ ಮಾತು ಹೇಳಿದ: "ನಮ್ಮ ಸುಲಭಾನ ಹೆಸರು ಮಾತ್ರ ಅದರಾಗ ತೋರಿಸಬ್ಯಾಡ." ಸುಲಭಾ ಅಂದ್ರ ಅವನ ಹೆಂಡತಿ, ಅಕಿನೂ ಜಿಮ್ಮಿಗೆ ಬರ್ತಾಳ. ಮಾಲಕರ ಮನಿಯಾಕಿ, ಇರ್ಲಿ ಅಂತ ನಾವೂ ಒಪ್ಪಿದೆವು.

ಹನ್ನೊಂದರಿಂದ ಹನ್ನೆರಡೂವರೆ ಹೆಣ್ಣುಮಕ್ಕಳ ಪಾಳಿ. ಹದಿನಾಲ್ಕು ಮಂದಿ ಬರ್ತಾರ, ಓಡೋ ಮಷೀನು ಎರಡೇ. ದಿನಾ ಜಗಳ. ಆಮ್ರಪಾಲಿ ರಜಾದಾಗ ಹತ್ತು ದಿನ ಚಪ್ಪಲಿ ಬಿಡೋ ಕಟ್ಟಿ ಮ್ಯಾಲ ಕುಂತು ಎಲ್ಲಾ ನೋಡಿದಳು. ಆಮ್ಯಾಲ ನನಗ ಕೇಳಿದಳು, "ಆಯಿ, ಜಗಳ ಇಲ್ದಂಗ ಮಂದಿ ಎಲ್ಲಿ ಪಾಳಿ ಹಿಡೀತಾರ?"

ನಾನು ನಮ್ಮೂರು ಸಾಯಗಾಂವದ ಹಿಟ್ಟಿನ ಗಿರಣಿ ಸಂಗತಿ ಹೇಳಿದೆ. ಅಲ್ಲಿ ಯಾರೂ ನಿಲ್ಲೂದಿಲ್ಲ. ಜೋಳದ ಡಬ್ಬಿ ಸಾಲಿಗೆ ಇಟ್ಟು ಮನಿಗೆ ಬರ್ತೇವಿ. ಡಬ್ಬಿ ಮ್ಯಾಲ ಪೇಂಟಿನಾಗ ಹೆಸರು ಇರ್ತದ. ಹಿಂದ ಬಂದಾಕಿ ಮುಂದಿನಾಕಿ ಹೆಸರು ಓದ್ತಾಳ, ಪಾಳಿ ಬಂತಂದ್ರ ಮನೀ ತನಕ ಓಡಿ ಕರೀತಾಳ.

"ಹೆಸರು ಎಲ್ಲಾರಿಗೂ ಕಾಣ್ತದಲ್ಲ" ಅಂದೆ, "ಇನ್ನ ಯಾವ ಜಗಳ?"

ಅಕಿ ಹಂಗೇ ಮಾಡಿದಳು. ಯಾವ ಮಷೀನಿಗೆ ಎಷ್ಟು ಗಂಟೆಗೆ ಯಾರು ಅಂತ ಹೆಸರು, ಸಣ್ಣದೊಂದು ಫೋಟೊ, ತಡ ಆದ್ರ ಕರೀಲಿಕ್ಕೆ ಮೊಬೈಲ್ ನಂಬರ್. ಜಿಮ್ಮಿನ ಮೆಂಬರ್ ಯಾರೇ ಇರ್ಲಿ, ತೆಗೆದ್ರ ಕಾಣ್ತಿತ್ತು. ಗಿರಣಿಯಾಗ ಆ ಹೆಸರು ಓದೋರು ಒಂದೇ ಓಣಿಯವರು, ಕಾಕಾ, ಅತ್ತಿ, ನೆಗೆಣ್ಣಿ. ಇಲ್ಲಿ ನಮ್ಮ ಡಬ್ಬಿ ಸಾಲು ಇನ್ನೂರು ಗಂಡಸರ ಕಿಸೆದಾಗ ಹೋಗಿ ಕುಂತಿತ್ತು. ಇದು ಅಕಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ.

ಮೊದಲನೇ ವಾರ ಜಗಳ ನಿಂತಿತು. ಎರಡನೇ ವಾರ ಹತ್ತರ ಪಾಳಿ ಗಂಡಸರು ಹನ್ನೊಂದಕ್ಕ ಹೊರಗ ಹೋಗೂದು ನಿಂತಿತು. ಒಬ್ಬ ಬೂಟಿನ ಲಾಡಿ ಕಟ್ಟಿಕೊಳ್ಳಲಿಕ್ಕೆ ಹದಿನಾಲ್ಕು ನಿಮಿಷ ತಗೊಂಡ. ನಾನು ಗೋಡಿ ಗಡಿಯಾರ ನೋಡಿಕೋತ ಅವನ ಕಾಲಬುಡದಾಗ ಮೂರು ಸಲ ನೆಲ ಒರಸಿದೆ. ನಾಚಿಕಿ ಬರಲಿಲ್ಲ ಅವನಿಗೆ.

ಗುರುವಾರ ಜೇಬಾ ಬಂದಳು. ಉರ್ದು ಸಾಲಿ ಟೀಚರ್, ನನಗ ಖಾಲಾ ಅಂತಾಳ. ವ್ಯಾಯಾಮದ ಬಟ್ಟಿ ಹಾಕಿರಲಿಲ್ಲ. ಸೀದಾ ಆಮ್ರಪಾಲಿ ಮುಂದ ಮೊಬೈಲ್ ಹಿಡಿದಳು.

"ಓದು. ಖಾಲಾಗೂ ಕೇಳ್ಲಿ, ಜೋರಾಗಿ ಓದು."

ಆಮ್ರಪಾಲಿ ಓದಿದಳು. "ಹನ್ನೊಂದೂ ಇಪ್ಪತ್ತಕ್ಕ ಎರಡನೇ ಮಷೀನಲ್ಲೇನು? ನಿನ್ನೆ ಹಸಿರು ದುಪಟ್ಟಾ..." ಅಷ್ಟಕ್ಕ ಮೊಬೈಲ್ ತಿರುಗಿ ಕೊಟ್ಟಳು.

ಜೇಬಾ ತಾನೇ ಮುಗಿಸಿದಳು. "'ಚಂದ ಇತ್ತು. ಸಾವಕಾಶ ಓಡು, ದಣೀತಿ.' ಹಿಂಗ ನಾಲ್ಕು ನಂಬರಿಂದ ಬಂದಾವ. ನಮ್ಮ ಮನ್ಯಾಗ ಗೊತ್ತಾದ್ರ ಜಿಮ್ ಬಿಡ್ರಿ ಖಾಲಾ, ಸಾಲಿಗೂ ಕಳಸೂದಿಲ್ಲ ನನಗ."

ಆಮ್ರಪಾಲಿ ಎದ್ದು ಭಾಲಚಂದ್ರನ ಖೋಲಿಗೆ ಹೋದಳು. ನಾನು ಒರಸೋ ಬಟ್ಟಿ ಹಿಡಕೊಂಡೇ ಹಿಂದ ಹೋದೆ. ಅವ ಬಾಟ್ಲಿಯಾಗ ಬಾಳೆಹಣ್ಣಿನ ವಾಸನಿ ಪುಡಿ ಕಲಸಿ ಕುಡೀತಿದ್ದ.

"ಕಾಕಾ, ಹೆಣ್ಣುಮಕ್ಕಳ ಹೆಸರು, ಫೋಟೊ, ನಂಬರ್ ಇವತ್ತೇ ತೆಗೀತೇನ್ರಿ."

"ಯಾಕ ತಂಗಿ? ಚಂದ ಅದಲ್ಲ."

"ಗಂಡಸರು ನೋಡ್ತಾರ್ರಿ. ಮೆಸೇಜ್ ಹಾಕ್ತಾರ್ರಿ."

"ನೋಡಿದ್ರ ಸವೀತಾರೇನು? ಈ ಹದಿನೈದು ದಿನದಾಗ ಇಪ್ಪತ್ತಾರು ಹುಡುಗರು ಹೊಸದಾಗಿ ಸೇರ್ಯಾರ. ಎಲ್ಲಾರೂ ಹತ್ತರ ಪಾಳಿನೇ ಕೇಳ್ತಾರ. ಯಾಕ ಅಂತ ತಿಳಿದಿ?" ಅಂತ ನಕ್ಕ. ಮೀಸಿ ಮ್ಯಾಲ ಹಳದಿ ನೊರಿ ಮೆತ್ತಿತ್ತು.

"ಸುಲಭಾಬಾಯಿ ಹೆಸರು ಯಾಕ ಮುಚ್ಚಿಸಿದ್ರಿ ಹಂಗಾರ?" ಅಂತ ನಾನು ಕೇಳಿದೆ.

ಅವನ ನಗು ಹೋತು. "ಬಾಯಿ, ನೀವು ಕನ್ನಡಿ ನೋಡ್ಕೋರಿ." ಮೇಜಿನ ಖಾನಿ ಎಳೆದು ಟೈಪ್ ಮಾಡಿದ ಪತ್ರ ತೆಗೆದ, ಅದರ ಮ್ಯಾಲ ಸಿಕ್ಕಾ ಇಟ್ಟ, ಹೊಡೀಲಿಲ್ಲ. "ತಂಗಿ, ನಿನ್ನ ಪತ್ರ ಇಲ್ಲೇ ಅದ. ಹೆಸರು ಹಂಗೇ ಇರ್ಲಿ. ಸೋಮವಾರ ಹೊಡೆದುಕೊಡ್ತೇನಿ."

ಮಂಗಳವಾರ ಕಾಲೇಜಿಗೆ ಕೊಡೂದಿತ್ತು.

ಮನಿಗೆ ಬಂದು ಆಮ್ರಪಾಲಿ ಊಟ ಮಾಡಲಿಲ್ಲ, ಅಳಲೂ ಇಲ್ಲ. ಕೈ ತೊಳೆದಳು, ಮತ್ತೊಮ್ಮೆ ತೊಳೆದಳು. ಆವಾಗ ನನಗ ಗಿರಣಿದ ಇನ್ನೊಂದು ಸಂಗತಿ ನೆನಪಾತು. ಕೆಲವರ ಮನಿಯಾಗ ಬೀಸಲಿಕ್ಕೆ ಎರಡೇ ಸೇರು ಜೋಳ ಇರ್ತಿತ್ತು. ಇಷ್ಟೇ ತಂದಾಳ ಅಂತ ಓಣಿಗೆ ತಿಳೀಬಾರದು ಅಂತ ಅವರು ಹೆಸರಿನ ಡಬ್ಬಿ ತರ್ತಿರಲಿಲ್ಲ. ಹೆಸರಿಲ್ಲದ ಡಬ್ಬಿ ಹಿಡಿಕಿಗೆ ಹಳೇ ಸೀರಿ ಚಿಂದಿ ಕಟ್ಟಿ ಇಡ್ತಿದ್ದರು. ಕೆಂಪು ಚಿಂದಿ ಯಾರದು ಅಂತ ಕಟ್ಟಿದಾಕಿಗೆ ಗೊತ್ತು, ಗಿರಣಿಯವನಿಗೆ ಗೊತ್ತು.

ಅಕಿ ತಲಿ ಎತ್ತಿದಳು. "ಗಿರಣಿಯವನಿಗೂ ಗೊತ್ತಾಗಬಾರದು, ಆಯಿ."

ಸಂಜಿ ಚಹಾ ಆರೂದರೊಳಗ ಮುಗಿಸಿದಳು. ಈಗ ಆ್ಯಪ್ ತೆಗೆದ್ರ ಪಾಳಿ ತುಂಬ್ಯಾದೋ ಖಾಲಿ ಅದನೋ ಅಷ್ಟೇ ಕಾಣ್ತದ. ಬಾಗಿಲದಾಗ ತೋರಿಸಲಿಕ್ಕೆ ಒಬ್ಬೊಬ್ಬಾಕಿಗೆ ಒಂದೊಂದು ಅಂಕಿ ಬರ್ತದ. ಭಾಲಚಂದ್ರನ ಮೊಬೈಲಿನಾಗೂ ಅಂಕಿನೇ.

ಸೋಮವಾರ ಪತ್ರ ಕೇಳಲಿಕ್ಕೆ ಹೋದ್ರ ಅವ ಒದರಾಡಿದ. "ಮೊದಲಿನಂಗ ಮಾಡು!"

"ಹೆಸರು ನಂಬರ್ ಎಲ್ಲಾ ಅಳಿಸೇನ್ರಿ, ಕಾಕಾ. ನನ್ನ ಹತ್ರನೂ ಇಲ್ಲ."

ಪತ್ರ ತಿರುಗಿ ಖಾನಿಗೆ ಹೋತು.

ಮಂಗಳವಾರ ಭಾಲ್ಕಿಯಾಗ ಅವರ ಸರ್ ಎಲ್ಲಾ ನೋಡಿದರಂತ, ಚಲೋ ಅದ ಅಂದರಂತ. "ಪತ್ರ ಇಲ್ಲಂದ್ರ ಇರ್ಲಿ, ಯಾರು ಬಳಸ್ತಾರ ಇಬ್ಬರ ಹೆಸರು ನಂಬರ್ ಕೊಡು. ನಾನೇ ಫೋನ್ ಮಾಡಿ ಕೇಳ್ತೇನಿ" ಅಂದರಂತ.

"ನೀ ಏನಂದಿ?" ಅಂತ ಕೇಳಿದೆ.

"ಹೆಸರು ಹೇಳೂದಿಲ್ರಿ ಸರ್, ಅದಕ್ಕಂತೇ ಹಿಂಗ ಮಾಡೇನಿ, ಅಂದೆ." ಚಪ್ಪಲಿ ಬಿಚ್ಚಿ ಗೋಡಿಗೆ ಸಮ ಇಟ್ಟಳು. "ಆರು ತಿಂಗಳ ಮ್ಯಾಲ ಬಾ ಅಂದ್ರು, ಆಯಿ."

ಲಾಡಿ ಕಟ್ಟೋರು ನಾಲ್ಕು ದಿನ ಮಷೀನು ನೋಡಿಕೋತ ಕುಂತರು. ಯಾವಾಗ ಯಾರು ಬರ್ತಾರೋ ತಿಳೀಲಿಲ್ಲ. ಐದನೇ ದಿನ ಎದ್ದು ಹೋದರು. ಜೇಬಾ ಈಗ ದಿನಾ ಬರ್ತಾಳ, ಯಾವ ಮಷೀನಿಗೆ ಅಂತ ನಾನು ನಿಮಗ ಹೇಳೂದಿಲ್ಲ.

ಮೊನ್ನೆ ಭಾಲಚಂದ್ರನ ಮೇಜು ಒರಸುವಾಗ ಆ ಪತ್ರ ಸಿಕ್ಕಿತು. ಪುಡಿ ಡಬ್ಬಿ ಕೆಳಗ ಹಾಸಿದ್ದ. ಡಬ್ಬಿಯ ದುಂಡನ್ನ ಹಳದಿ ಗುರುತು ಆಮ್ರಪಾಲಿ ಹೆಸರಿನ ಮ್ಯಾಲ ಬರೋಬರ್ ಕುಂತಿತ್ತು, ಅಂಟಂಟು. ಮನಿಗೆ ಒಯ್ಯಲೇನು ಅಂತ ಒಂದು ಗಳಿಗಿ ನಿಂತೆ. ಆಮ್ಯಾಲ ಎರಡು ಬೆರಳಿಲೆ ಹಿಡಿದು, ಕೂದಲು, ಬೆವರು ಒರಸಿದ ಕಾಗದ ಹಾಕೋ ಬುಟ್ಟಿಗೆ ಹಾಕಿ, ಸಾಬಣ ಹಚ್ಚಿ ಕೈ ತೊಳಕೊಂಡೆ.